ಕುಲಶೇಖರದ ಇಳಿಜಾರಿನಲ್ಲಿ ಸಿಗ್ನಲ್

ಆಟಿ ತಿಂಗಳ ಮಳೆಯ ಸಂಜೆ. ಮಂಗಳೂರಿನ ಕುಲಶೇಖರ ಚೌಕಿಯಲ್ಲಿ ಬಸ್ಸಿಳಿದು ಒಳದಾರಿಯ ಇಳಿಜಾರು ಹಿಡಿದಿದ್ದೀರಿ. ಕೊಡೆ ಇದ್ದರೂ ಮೊಣಕಾಲವರೆಗೆ ಒದ್ದೆ. ಮನೆ ಹೊಕ್ಕರೆ ಟಿವಿಯಲ್ಲಿ ‘ಸಿಗ್ನಲ್ ಇಲ್ಲ’.

“ಇದೆಂತದು, ಧಾರಾವಾಹಿ ಶುರುವಾಗುವಾಗಲೇ ಹೋಗುದಾ?” ಅಮ್ಮನ ಗೊಣಗಾಟ.

36,000 ಕಿಲೋಮೀಟರ್ ದೂರದ ಉಪಗ್ರಹದಿಂದ ಡಿಶ್ಶಿಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಅದನ್ನು ದಾರಿಯಲ್ಲೇ ನುಂಗುತ್ತದೆ. ಮೊಬೈಲ್ ತೆಗೆಯುತ್ತೀರಿ. ಚಿತ್ರ ಒಂದು ಗಳಿಗೆ ಓಡಿ ನಿಲ್ಲುತ್ತದೆ, ಚಕ್ರ ತಿರುಗುತ್ತದೆ. ಅಕ್ಕಪಕ್ಕದ ಮನೆಗಳಲ್ಲೂ ಈಗ ಫೋನೇ ಗತಿ. ಎಲ್ಲರೂ ನೋಡುವುದು ಒಂದೇ ಧಾರಾವಾಹಿಯಾದರೂ ಟವರ್ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸಬೇಕು.

ಇಯರ್‌ಫೋನ್ ಚುಚ್ಚಿ ಆಕಾಶವಾಣಿ ಹಚ್ಚುತ್ತೀರಿ, 100.3. ಕದ್ರಿ ಗುಡ್ಡದ ಸ್ವರ ಮಳೆಯಲ್ಲೂ ಸ್ಪಷ್ಟ. ಪಿನ್ ಕೀಳಿ ನೋಡಿ, ಸ್ವರ ಕಟ್! ಆ ವಯರೇ ಆಂಟೆನಾ. ಮೂರು ಮೀಟರಿನ ಅಲೆಗೆ ಕಾಲು ಭಾಗ, ಅಂದರೆ ಮುಕ್ಕಾಲು ಮೀಟರ್ ವಯರಿದ್ದರೆ ಒಳ್ಳೆಯದು.

ಟಿವಿಯನ್ನೂ ಹೀಗೆಯೇ, ಡೇಟಾ ಇಲ್ಲದೆ ನೇರ ಮೊಬೈಲಿಗೆ ಪ್ರಸಾರ ಮಾಡುವುದು ‘ಡೈರೆಕ್ಟ್ ಟು ಮೊಬೈಲ್’. ಐಐಟಿ ಕಾನ್ಪುರ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಬೆಳೆಸಿದ ತಂತ್ರಜ್ಞಾನ. ಬೆಂಗಳೂರಿನಲ್ಲೂ ಪ್ರಯೋಗ ನಡೆದಿದೆ. 2024ರ ಜನವರಿಯಲ್ಲಿ 19 ನಗರಗಳಲ್ಲಿ ಪರೀಕ್ಷಿಸುವ ಮಾತು ಬಂತು. ಅದಕ್ಕೆ ಯೋಚಿಸಿದ್ದು 470ರಿಂದ 582 ಮೆಗಾಹರ್ಟ್ಸ್. ಈ ಅಲೆಗೆ ಮಳೆ ಲೆಕ್ಕಕ್ಕಿಲ್ಲ. ಅದರ ಕಾಲು ಭಾಗ ಹದಿಮೂರರಿಂದ ಹದಿನಾರು ಸೆಂಟಿಮೀಟರ್, ಹೆಚ್ಚುಕಡಿಮೆ ನಿಮ್ಮ ಫೋನಿನುದ್ದ. ಆದರೆ ಅಷ್ಟು ಜಾಗ ಫೋನಿನೊಳಗೆ ಯಾರು ಬಿಡುತ್ತಾರೆ? ಬ್ಯಾಟರಿ, ಕ್ಯಾಮೆರಾ ತುಂಬಿದ ಮೇಲೆ ಉಳಿದ ಮೂಲೆಯಲ್ಲಿ ಆಂಟೆನಾ ಮುದುಡಿ ಕೂರಬೇಕು. ಮೇಲಿಂದ ನಿಮ್ಮ ಅಂಗೈ ಬೇರೆ ಮುಚ್ಚುತ್ತದೆ.

ಈಗ ಮನೆಯನ್ನೇ ನೋಡಿ. ಎದುರಿಗೆ ಮುರಕಲ್ಲಿನ ದರೆ, ನೀರು ಕುಡಿದು ಕೆಂಪೇರಿದೆ. ತಾರಸಿಗೆ ಹೋದರೆ ಸೋರದಿರಲೆಂದು ಹಾಕಿಸಿದ ತಗಡಿನ ಶೀಟು. ಹಿಂದೆಲ್ಲ ದೂರದರ್ಶನದ ಆಂಟೆನಾ ಕಂಬ ಮಾಡಿಗಿಂತ ಎತ್ತರ ನಿಲ್ಲುತ್ತಿತ್ತು. ಮೊಬೈಲಾದರೋ ಶೀಟಿನಡಿ, ನಿಮ್ಮ ಎದೆಯೆತ್ತರದಲ್ಲಿ. ಕೆಳಗೆ ಅಡುಗೆಕೋಣೆಗಿಳಿದರೆ ಸ್ಲ್ಯಾಬ್, ಗೋಡೆ, ಗುಡ್ಡ ಮೂರೂ ಅಡ್ಡ. ದೂರದಲ್ಲಿ ರೈಲಿನ ಸದ್ದು. ಕುಲಶೇಖರ ಸುರಂಗದೊಳಗಂತೂ ಯಾವ ಗುಡ್ಡದ ಟವರೂ ನೇರವಾಗಿ ಮುಟ್ಟಲಾರದು.

ಒಂದು ದೊಡ್ಡ ಟವರ್ ಈ ಊರಿಗೆ ಸಾಲದು, ತಗ್ಗುಗಳಲ್ಲಿ ಚಿಕ್ಕ ಮರುಪ್ರಸಾರದ ಪೆಟ್ಟಿಗೆಗಳು ಬೇಕೇ ಬೇಕು. ಪರೀಕ್ಷೆಗೆ ನಗರಗಳನ್ನು ಆರಿಸುವವರು ಮಂಗಳೂರನ್ನೂ ಸೇರಿಸಿಕೊಳ್ಳಲಿ. ಬರುವುದಾದರೆ ಜುಲೈಯಲ್ಲೇ ಬರಲಿ. ಇಲ್ಲಿಯ ಚರ್ಚಿನ ತೆರೆದ ಅಂಗಳದಲ್ಲಿ ಅಳೆದು ವರದಿ ಬರೆಯದೆ, ಇಳಿಜಾರಿನ ಕೊನೆಯ ಮನೆಯ ಅಡುಗೆಕೋಣೆಯಲ್ಲಿ ಫೋನ್ ಹಿಡಿದು ನೋಡಲಿ.