ಮೆಟ್ರೊ ಹತ್ತಿದ ಬೆಟ್ಟದ ಹೂವು

ಕೆಂಗೇರಿ ಮೆಟ್ರೊ ನಿಲ್ದಾಣದ ತಪಾಸಣೆ ಯಂತ್ರದೊಳಗೆ ನನ್ನ ಕೈಚೀಲ ತೂರಿ ಹೊರಬಂದಿದೆ. ಕಾವಲಿನವನು ಬಾಳೆಲೆಯ ಪೊಟ್ಟಣ ಎತ್ತಿ ಹಿಡಿದು ‘ಏನ್ ಸಾರ್ ಇದು?’ ಅನ್ನುತ್ತಾನೆ. ‘ಸೀತಾಳೆ ದಂಡೆ’ ಅಂದೆ. ಅವನಿಗೆ ಏನೂ ತಿಳಿದಂತೆ ಕಾಣಲಿಲ್ಲ. ಎಲೆ ಬಿಡಿಸಿ ತೋರಿಸಿದೆ. ಜಡೆಯ ಹಾಗೆ ಇಳಿಬಿದ್ದ ಗೊಂಚಲು, ಬಿಳಿಯ ಮೇಲೆ ನೇರಳೆ ಚುಕ್ಕಿ. ತೀರ್ಥಹಳ್ಳಿ ಕಡೆ ಮಳೆ ಹಿಡಿಯುವ ಹೊತ್ತಿಗೆ ಮರದ ತೊಗಟೆಗೆ ಅಂಟಿಕೊಂಡು ಅರಳುತ್ತದೆ, ನಮ್ಮ ಹೆಣ್ಣುಮಕ್ಕಳು ಮುಡಿಯುತ್ತಾರೆ. ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ‘ಓ, ಹೂವಾ! ಹೋಗಿ ಹೋಗಿ.’

ಜೊತೆಗೆ ತಂಗಿಯ ಮಗ. ಒಂಬತ್ತು ವರ್ಷ, ಬಾಯಿಗೆ ಬೀಗವಿಲ್ಲ. ಹಿಂದಿನ ರಾತ್ರಿ ಅವನಿಗೆ ಟಿವಿಯಲ್ಲಿ, ಅಪ್ಪು ಅಂದರೆ ಪುನೀತ್ ಬಾಲಕ ರಾಮುವಾಗಿ ನಟಿಸಿದ ‘ಬೆಟ್ಟದ ಹೂವು’ ಚಿತ್ರ ತೋರಿಸಿದ್ದೆ. ಬೆಳಗಾಗುವಷ್ಟರಲ್ಲಿ ‘ಅಪ್ಪು ಸಮಾಧಿಗೆ ಹೋಗೋಣ ಮಾವ’ ಎಂದು ಹಟ. ನಾನು ಹೂವು ತಂದದ್ದೂ ಅಲ್ಲಿಗೇ.

ರೈಲು ಕಂಬಗಳ ಮೇಲೆ ಓಡುತ್ತದೆ. ಅತ್ತಿಗುಪ್ಪೆ, ವಿಜಯನಗರ ಎಲ್ಲ ಕಾಲ ಕೆಳಗೆ. ತಾರಸಿಯ ಮೇಲೆ ಕರಿ ಸಿಂಟೆಕ್ಸ್ ತೊಟ್ಟಿಗಳು, ಹಗ್ಗದಲ್ಲಿ ತೂಗುವ ಲಂಗಗಳು, ಒಬ್ಬ ಅಜ್ಜಿ ಹಪ್ಪಳ ಹರವಿ ಕಾಗೆ ಕಾಯುತ್ತಿದ್ದಾಳೆ. ನಮ್ಮೂರಲ್ಲಿ ಅಡಿಕೆ ಮರ ಹತ್ತಿದ ಕೊನೆಗಾರನಿಗೆ ಮಾತ್ರ ಸಿಗುವ ನೋಟ, ಇಲ್ಲಿ ಕೂತಲ್ಲೇ ಸಿಗುತ್ತದೆ! ಕೂರುವುದಕ್ಕೆ ಜಾಗ ಸಿಕ್ಕಬೇಕು, ಅಷ್ಟೆ. ನನಗೆ ಸಿಕ್ಕಿದ್ದು ತೂಗುವ ಹಿಡಿಕೆ. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಪೊಟ್ಟಣ, ಮೂಗು ತುರಿಸಿದರೆ ದೇವರೇ ಗತಿ.

ಮಾಗಡಿ ರಸ್ತೆ ದಾಟಿದ್ದೇ ರೈಲು ಬಿಲ ಹೊಕ್ಕಿತು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಬೇಕು. ಬಾಣದ ಗುರುತು ನೋಡಿಕೊಂಡೇ ಹೋದೆ. ಆದರೂ ಚಿಕ್ಕಪೇಟೆಯಲ್ಲಿ ಇಳಿದು ವಾಪಸ್ ಬರಬೇಕಾಯಿತು. ಕಾಡಿನಲ್ಲಿ ದಾರಿ ತಪ್ಪದವನು ನಾನು, ಮನೆಯಲ್ಲಿ ಹೇಳಬೇಡ ಅಂದೆ. ಹುಡುಗ ಆಗಲೇ ಅಮ್ಮನಿಗೆ ಫೋನು ಮಾಡಿ ಮುಗಿಸಿದ್ದ.

ಶ್ರೀರಾಂಪುರ ಕಳೆಯಿತು. ಆಮೇಲೆ ಅಪರ್ಣಾ ಅವರ ದನಿ, 2024ರಲ್ಲಿ ತೀರಿಕೊಂಡ ಮೇಲೂ ಊರಿಗೆಲ್ಲ ದಾರಿ ಹೇಳುತ್ತಿರುವ ದನಿ, ‘ಮಹಾಕವಿ ಕುವೆಂಪು ರಸ್ತೆ’ ಎನ್ನುತ್ತದೆ. ನನಗೆ ಮೈ ಜುಮ್ಮೆಂದಿತು. ಚಿತ್ರದ ರಾಮು ಕಾಸಿಗೆ ಕಾಸು ಕೂಡಿಸುವುದು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವುದಕ್ಕೆ. ಆ ರಾಮುವನ್ನು ನೋಡಹೊರಟ ರೈಲು ಕುವೆಂಪು ಹೆಸರಿನಲ್ಲಿ ನಿಲ್ಲುತ್ತದೆ. ಯಾರೂ ಹೀಗೆಂದು ಯೋಜನೆ ಹಾಕಿರಲಾರರು.

ಚಿತ್ರದ ಮೂಲ ಅಮೆರಿಕದ ಒಂದು ಮಕ್ಕಳ ಕಾದಂಬರಿ. ಶೆರ್ಲಿ ಅರೋರಾ ಅವರ ‘ವಾಟ್ ದೆನ್, ರಾಮನ್?’, 1960ರದು. ಆಕೆ ಸ್ಪ್ಯಾನಿಷ್ ಗಾದೆಗಳ ವಿದ್ವಾಂಸೆಯಾಗಿ ಹೆಸರಾದವರು. ಬರೆದದ್ದು ನಮ್ಮ ದಕ್ಷಿಣದ ಬೆಟ್ಟದೂರಿನ ಹುಡುಗನ ಕಥೆ. ಎನ್. ಲಕ್ಷ್ಮೀನಾರಾಯಣ್ 1985ರಲ್ಲಿ ಅದನ್ನು ಕನ್ನಡಕ್ಕೆ ತಂದರು. ಇವರೇ ಅದಕ್ಕೂ ಮೊದಲು ಕುವೆಂಪು ಅವರ ಮಗ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಮಾಡಿದ್ದವರು. ಮಗನ ಕಥೆ ಆಯಿತು, ಆಮೇಲೆ ಅಪ್ಪನ ಪುಸ್ತಕ ಹುಡುಗನ ಕನಸಾಯಿತು! ಸೀತಾಳೆಯಂಥ ಕಾಡುಹೂವು ಕೊಳ್ಳುವ ಮೇಡಂಗೆ ಚಿತ್ರದಲ್ಲಿ ಶೆರ್ಲಿ ಎಂದೇ ಹೆಸರು. ಹತ್ತರ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಕೊನೆಗೆ ರಾಮು ಕೂಡಿಟ್ಟ ದುಡ್ಡಲ್ಲಿ ಬಂದದ್ದು ಪುಸ್ತಕವಲ್ಲ, ಮನೆಯವರಿಗೆ ಕಂಬಳಿ. ಚಿಕ್ಕವನಿದ್ದಾಗ ಅಮ್ಮನ ಪಕ್ಕ ಕೂತು ನೋಡಿ, ಪುಸ್ತಕ ಬಿಟ್ಟನಲ್ಲ ಎಂದು ಅತ್ತಿದ್ದೆ. ಅಮ್ಮ ಕಂಬಳಿ ಬಂತಲ್ಲ ಎಂದು ಅತ್ತಿದ್ದಳು.

‘ಆನ್‌ಲೈನಲ್ಲಿ ಹಾಕಿದ್ರೆ ಆಫರಲ್ಲಿ ಎರಡೂ ಬರ್ತಿತ್ತು’ ಎಂಬುದು ಈ ಒಂಬತ್ತರ ವಿಮರ್ಶಕನ ತೀರ್ಪು.

ರಾಜಾಜಿನಗರ, ಮಹಾಲಕ್ಷ್ಮಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಬಾಗಿಲು ತೆರೆದಾಗ ಗಂಧ ಬರುತ್ತೆ ಅಂತ ಹುಡುಗ ಪ್ರಮಾಣ ಮಾಡುತ್ತಾನೆ. ನನಗೆ ಬಂದದ್ದು ಪಕ್ಕದವರ ಟಿಫಿನ್ ಡಬ್ಬಿಯ ಚಿತ್ರಾನ್ನ. ಗೊರಗುಂಟೆಪಾಳ್ಯದಲ್ಲಿ ಇಳಿದು ಆಟೊ. ‘ಮೀಟರ್ ಮೇಲೆ ಇಪ್ಪತ್ತು’ ಅಂದವನು, ಎಲ್ಲಿಗೆ ಎಂದು ಕೇಳಿದ ಮೇಲೆ ‘ಅಪ್ಪು ಹತ್ರನಾ? ಮೀಟರ್ ಕೊಡಿ ಸಾಕು’ ಎಂದ.

ಕಂಠೀರವ ಸ್ಟುಡಿಯೊ. ರಿಂಗ್ ರಸ್ತೆಯ ಲಾರಿಗಳ ಗದ್ದಲ ಬೇಲಿಯಾಚೆ, ಈಚೆಗೆ ಚಪ್ಪಲಿ ಬಿಟ್ಟು ನಿಂತ ಸಾಲು. ಅಣ್ಣಾವ್ರು, 2017ರಲ್ಲಿ ಹೋದ ಪಾರ್ವತಮ್ಮನವರು, 2021ರ ಅಕ್ಟೋಬರಿನಲ್ಲಿ ನಲವತ್ತಾರಕ್ಕೇ ಹೋದ ಅಪ್ಪು, ಮೂವರೂ ಒಂದೇ ಅಂಗಳದಲ್ಲಿ. ‘ಬೆಟ್ಟದ ಹೂವು’ ನಿರ್ಮಿಸಿದ ತಾಯಿ, ಅದರಲ್ಲಿ ತಾನೇ ಹಾಡಿದ ಮಗ. ನಮ್ಮ ಕಡೆ ಸಮಾಧಿಯೆಂದರೆ ತೋಟದ ಮೂಲೆ, ಸಂಜೆಯಾದರೆ ಮಕ್ಕಳನ್ನು ಬಿಡುವುದಿಲ್ಲ. ಇಲ್ಲಿ ಕೈಗೂಸನ್ನು ಎತ್ತಿ ಹಣೆ ಮುಟ್ಟಿಸುತ್ತಾರೆ, ನೆರಳಲ್ಲಿ ಕೂತು ಪುಳಿಯೋಗರೆ ತಿನ್ನುತ್ತಾರೆ.

ಸೇವಂತಿಗೆ, ಗುಲಾಬಿಯ ರಾಶಿಯ ಪಕ್ಕ ನಮ್ಮ ದಂಡೆ ಇಟ್ಟೆವು. ತುದಿ ಬಾಡಿತ್ತು, ಚುಕ್ಕಿಗಳು ಮಾತ್ರ ಹಾಗೇ ಇದ್ದವು. ಹಿಂದೆ ನಿಂತಿದ್ದ ಹೂವಾಡಗಿತ್ತಿ ಬಗ್ಗಿ ನೋಡಿದಳು.

‘ಎಲ್ಲಿ ತಗೊಂಡ್ರಣ್ಣ? ಎಷ್ಟಾಯ್ತು?’

‘ಮರದಿಂದ ಕಿತ್ತಿದ್ದು. ದುಡ್ಡಿಲ್ಲ.’

‘ಹೇಳಲ್ಲ ಅಂದ್ರೆ ಬಿಡಿ’ ಎಂದು ಮುಖ ತಿರುಗಿಸಿಬಿಟ್ಟಳು.

ಹೊರಗೆ ಬರುವಷ್ಟರಲ್ಲಿ ಮಳೆ. ಆಗುಂಬೆಯ ಪಕ್ಕದವನು, ಬೆಂಗಳೂರಿನ ಮಳೆ ಯಾವ ಲೆಕ್ಕ ಎಂದು ಕೊಡೆ ಬಿಟ್ಟು ಬಂದಿದ್ದೆ. ಐದೇ ನಿಮಿಷಕ್ಕೆ ಇಬ್ಬರೂ ತೊಪ್ಪೆ. ಹುಡುಗ ನಡುಗುತ್ತ ನನ್ನ ಅಂಗಿಗೆ ಅಂಟಿಕೊಂಡು, ‘ಕಂಬಳಿ ತರ್ಬೇಕಿತ್ತು ಮಾವ’ ಅನ್ನುತ್ತಾನೆ. ಎದುರು ಬಂದು ನಿಂತ ಆಟೊದವನು ಈ ಸಲ ಮೀಟರಿನ ಸುದ್ದಿಯನ್ನೇ ಎತ್ತಲಿಲ್ಲ.