ಸ್ವಲ್ಪ ಅಡ್ಜಸ್ಟ್ ಮಾಡಿ

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೊರಟ ಬಸ್ಸಿನಲ್ಲಿ, ಮೂವರು ಕುಳಿತ ಆಸನದ ಬಳಿಗೆ ನಾಲ್ಕನೆಯವರು ಬಂದು ನಿಂತರೆ ಕೇಳಿಬರುವ ಮಾತು ಒಂದೇ: “ಸ್ವಲ್ಪ ಅಡ್ಜಸ್ಟ್ ಮಾಡಿ, ಸ್ವಾಮಿ.” ಅರ್ಥವೇನೆಂದು ಯಾರೂ ಕೇಳುವುದಿಲ್ಲ. ಕಿಟಕಿಯ ಪಕ್ಕದವರು ಮೊಣಕೈ ಮಡಿಸುತ್ತಾರೆ. ನಡುವಿನವರು ಚೀಲವನ್ನು ತೊಡೆಯ ಮೇಲಕ್ಕೆ ಎತ್ತಿಕೊಳ್ಳುತ್ತಾರೆ. ಅಂಗೈಯಗಲದ ಜಾಗ ಹೇಗೋ ತೆರವಾಗುತ್ತದೆ. ಓದುಬರಹ ತಿಳಿಯದ ಅಜ್ಜಿಯರೂ ಸರಾಗವಾಗಿ ಆಡುವ ಈ ಕ್ರಿಯಾಪದಕ್ಕೆ ಅದರ ತವರಾದ ಇಂಗ್ಲೆಂಡಿನಲ್ಲಿ ಇಷ್ಟು ದಾಕ್ಷಿಣ್ಯವಿಲ್ಲ. ಅಲ್ಲಿನವರು ಅಡ್ಜಸ್ಟ್ ಮಾಡುವುದು ಬಹುಮಟ್ಟಿಗೆ ಗಡಿಯಾರದ ಮುಳ್ಳನ್ನು, ಕೊರಳಪಟ್ಟಿಯನ್ನು, ಲೆಕ್ಕದ ಬಾಕಿಯನ್ನು.

ಪದದ ವಂಶಾವಳಿ ಸ್ವಾರಸ್ಯವಾಗಿದೆ. ಲ್ಯಾಟಿನ್ನಿನಲ್ಲಿ ‘ಯುಕ್ಸ್ತಾ’ ಎಂದರೆ ಪಕ್ಕದಲ್ಲಿ, ಹತ್ತಿರ. ಅದಕ್ಕೆ ‘ಅದ್’ ಎಂಬ ಉಪಸರ್ಗ ಕೂಡಿ ‘ಹತ್ತಿರಕ್ಕೆ ತರು’ ಎಂಬ ಕ್ರಿಯೆಯಾಯಿತು. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ನಡುವೆ ಜನರು ಇದನ್ನು ನ್ಯಾಯವನ್ನು ಸೂಚಿಸುವ ‘ಯುಸ್ತುಸ್’ ಶಬ್ದದ ಸಂತಾನವೆಂದು ಭ್ರಮಿಸಿದರು. ‘ಸರಿಪಡಿಸು’ ಎಂಬ ಅರ್ಥ ಬಲಿತದ್ದಕ್ಕೆ ಆ ಭ್ರಮೆಯ ನೆರವೂ ಉಂಟು. ನಮ್ಮ ಯೋಗ, ಯುಗ್ಮ ಶಬ್ದಗಳ ‘ಯುಜ್’ ಧಾತುವಿಗೆ ಯುಕ್ಸ್ತಾ ದೂರದ ದಾಯಾದಿ. ಆದುದರಿಂದ ಬಸ್ಸಿನ ಪ್ರಯಾಣಿಕರು ಕೇಳುವುದು, ತಿಳಿಯದೆಯೇ, ಮೂಲಾರ್ಥವನ್ನು: ಹತ್ತಿರಕ್ಕೆ ಸರಿಯಿರಿ.

ಯುಕ್ಸ್ತಾ ಎಂಬುದನ್ನು ಕಣ್ಣಾರೆ ಕಾಣಬೇಕೆನ್ನುವವರು ಹಾಸನದ ದಕ್ಷಿಣಕ್ಕಿರುವ ಮೊಸಳೆಗೆ ಹೋಗಬೇಕು. ನಾಗೇಶ್ವರನಿಗೊಂದು, ಚೆನ್ನಕೇಶವನಿಗೊಂದು ಎಂದು ಹೊಯ್ಸಳ ಶಿಲ್ಪಿಗಳು ಎರಡು ಗುಡಿಗಳನ್ನು ಅಕ್ಕಪಕ್ಕದಲ್ಲಿ, ಅವಳಿಜವಳಿಯಂತೆ ಕಟ್ಟಿದ್ದಾರೆ. ಒಂದಕ್ಕಾಗಿ ಇನ್ನೊಂದು ಕುಗ್ಗಿಲ್ಲ.

ಮನುಷ್ಯರ ನಡುವೆ ಹಾಗಲ್ಲ. ಸಂಸ್ಕೃತದ ಶಬ್ದಗಳಿಗೆ ‘ಇಸು’ ಹಚ್ಚಿ ಯೋಚಿಸು, ಭಾವಿಸು ಎಂದು ತನ್ನವಾಗಿಸಿಕೊಂಡ ಕನ್ನಡ, ಇಂಗ್ಲಿಷ್ ಕ್ರಿಯೆಗಳಿಗೆ ‘ಮಾಡು’ ಎಂಬ ಊರುಗೋಲನ್ನು ಕೊಟ್ಟಿತು. ಅದರ ತುದಿಗೆ ‘ಕೊಳ್ಳು’ ಸೇರಿತೆಂದರೆ ಭಾರವೆಲ್ಲ ಕೇಳಿದವರ ಹೆಗಲಿಗೆ. ಗಂಡನ ಮನೆಗೆ ಹೊರಟ ಹುಡುಗಿಗೆ ಹೇಳುವುದು “ಅಡ್ಜಸ್ಟ್ ಮಾಡಿಕೋ, ಮಗಳೆ” ಎಂದು. ಬಸ್ಸಿನಲ್ಲಿ ಮೊದಲೇ ಕುಳಿತವರು ಹೊಸಬರಿಗಾಗಿ ಸರಿಯುತ್ತಾರೆ. ಮನೆಯಲ್ಲಿ ಕುಳಿತವರು ಕುಳಿತಂತೆಯೇ ಇದ್ದು ಹೊಸಬಳೊಬ್ಬಳೇ ಮುದುಡಬೇಕು. ಅಡುಗೆಯ ಉಪ್ಪುಖಾರ, ಏಳುವ ಹೊತ್ತು, ನಗುವಿನ ಸದ್ದು, ಎಲ್ಲವೂ ಆ ಒಂದು ಪದದೊಳಗೆ. ಅವಳು ಮೊದಲ ಹಬ್ಬಕ್ಕೆ ತವರಿಗೆ ಬಂದು, ಹಿತ್ತಿಲ ಬಾಗಿಲಲ್ಲಿ ಕುಳಿತು, ತಾಯಿಯೊಬ್ಬಳಿಗೇ ಕೇಳಿಸುವಂತೆ ಕಷ್ಟ ಹೇಳಿಕೊಳ್ಳುತ್ತಾಳೆ. ತಾಯಿ ಸೆರಗಿನಿಂದ ಮಗಳ ಕಣ್ಣೊರಸಿ, ತನಗೆ ತನ್ನ ತಾಯಿ ಕನ್ನಡದಲ್ಲಿ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾಳೆ.