ಗಟ್ಟಿ ಮಾಡಿದ ಜೀಪು, ಹೆದರಿದ ಅವ್ವ

ಅಡಿಕೆ ಕೊಯ್ಲು ಹತ್ತಿರ ಬಂತು. ಹಳೇ ಜೀಪು ಇಟ್ಕೊಂಡೋರೆಲ್ಲ ಸ್ಪ್ರಿಂಗ್ ಕೆಲಸ ಅಂತ ಪೇಟೆ ಕಡೆ ಹೊರಡೋ ಕಾಲ. ಹೊರಡೋ ಮುಂಚೆ ನಾನು ಮಾಡಿದ ತಪ್ಪನ್ನ ಒಂದ್ಸಲ ಓದಿ.

ನನ್ನದು 1989ರ ಡೀಸೆಲ್ ಜೀಪು. ನಾಲ್ಕೂ ಚಕ್ರಕ್ಕೆ ಪ್ಲೇಟ್ ಸ್ಪ್ರಿಂಗು. ಗೊಬ್ಬರ, ಅಡಿಕೆ, ಹುಲ್ಲು, ಆಸ್ಪತ್ರೆಗೆ ಹೋಗೋರು, ಎಲ್ಲಾ ಅದರಲ್ಲೇ. ಎರಡು ವರ್ಷದ ಹಿಂದೆ ಹಿಂಭಾಗ ಕುಸಿದಿತ್ತು. 50 ಕೆಜಿಯ ಎಂಟು ಚೀಲ ಹಾಕಿದ್ರೆ ಗುಂಡಿಗೆ ಇಳಿದಾಗೆಲ್ಲ ಆಕ್ಸಲ್ಲು ಚಾಸಿಯ ರಬ್ಬರಿಗೆ ಧಡ್ ಅಂತ ಬಡಿಯೋದು. ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆ. "ಗಟ್ಟಿ ಮಾಡಿಕೊಡು, ಮತ್ತೆ ಈ ತಾಪತ್ರಯ ಬೇಡ" ಅಂದೆ. ಅವರು ಎರಡೂ ಕಡೆ ಎರಡೆರಡು ದಪ್ಪ ಪ್ಲೇಟು ಸೇರಿಸಿದ್ರು. ಜೀಪಿನ ಬೆನ್ನು ಎತ್ತರ ಆಯ್ತು. ಲೋಡು ಹಾಕಿದ್ರೂ ಜಗ್ಗಲಿಲ್ಲ. ನಾನು ಖುಷಿಯಾಗಿದ್ದೆ.

ಮುಂದಿನ ವಾರ ಅವ್ವನಿಗೆ ಸೊಂಟ ನೋವು ಜೋರಾಯ್ತು. ಆಸ್ಪತ್ರೆಗೆ ಅಂತ ಹೊರಟ್ವಿ. ಜೀಪು ಖಾಲಿ, ನಾವಿಬ್ಬರೇ. ನಮ್ಮನೆಯಿಂದ ಟಾರು ರಸ್ತೆಗೆ ಮೂರು ಕಿಲೋಮೀಟರ್ ಮಣ್ಣು ದಾರಿ, ಕೊನೆಗೆ ಇಳಿಜಾರು, ಕೆರೆ ಏರಿ ಪಕ್ಕ ಒಂದು ತಿರುವು. ನೀರು ಹರಿದು ಅಲ್ಲಿ ಸಣ್ಣ ಸಣ್ಣ ಏಣು ಬಿದ್ದಿತ್ತು. ಬ್ರೇಕು ಒತ್ತಿ ಸ್ಟೇರಿಂಗ್ ತಿರುಗಿಸಿದೆ. ಹಿಂದಿನ ಚಕ್ರ ಎರಡೂ ಟಪಟಪ ಹಾರ್ತಾ ಪಕ್ಕಕ್ಕೆ ಜಾರಿದ್ವು. ಜೀಪು ಅಡ್ಡಡ್ಡ ಆಗಿ, ಕೆರೆ ಅಂಚಿಗೆ ಒಂದು ಮಾರು ಇರೋವಾಗ ನಿಂತಿತು. ನಾನು ಜೋರಾಗಿ ಓಡಿಸ್ತಿರಲಿಲ್ಲ. ಎಷ್ಟೋ ವರ್ಷದಿಂದ ಅದೇ ವೇಗದಲ್ಲಿ ಇಳಿಸಿದ ತಿರುವು ಅದು.

ಅವ್ವ ಮುಂದಿನ ಕಂಬಿ ಹಿಡಿದು ಕೂತಿತ್ತು. ಮಾತಿಲ್ಲ. ಸಂಜೆ ಮನೆಗೆ ಬಂದ ಮೇಲೆ ಹೇಳ್ತು, "ಇನ್ನು ನಿನ್ನ ಜೀಪಿಗೆ ನಾ ಹತ್ತಲ್ಲ ಕಣೋ. ಆಟೋಗೆ ಹೇಳು." ಮಳೆಗಾಲದಲ್ಲಿ ನಮ್ಮನೆಗೆ ಆಟೋ ಬರಲ್ಲ ಅನ್ನೋದು ಅದಕ್ಕೂ ಗೊತ್ತು.

ಗಟ್ಟಿ ಇದ್ರೆ ಗಾಡಿ ಹತೋಟಿಯಲ್ಲಿರುತ್ತೆ, ಮೆತ್ತಗಿದ್ರೆ ಕೂರೋಕೆ ಸುಖ, ಎರಡರಲ್ಲಿ ಒಂದನ್ನ ಬಿಡಬೇಕು ಅಂತ ನಾನು ತಿಳ್ಕೊಂಡಿದ್ದೆ. ಅದು ಅರ್ಧ ಸುಳ್ಳು. ಬ್ರೇಕು, ಸ್ಟೇರಿಂಗು ಎರಡೂ ಕೆಲಸ ಮಾಡೋದು ಟಯರು ನೆಲಕ್ಕೆ ಅಂಟಿಕೊಂಡಾಗ ಮಾತ್ರ. ಸ್ಪ್ರಿಂಗು ಬಗ್ಗದಿದ್ರೆ ಚಕ್ರ ಏಣಿನ ಮೇಲೆ ಹಾರುತ್ತೆ. ಹಾರಿದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರ್ಬೇಕು? ಸೊಂಟ ಕುಲುಕಿಸೋದೂ ಅದೇ, ಕೆರೆಗೆ ಕೆಡವೋದೂ ಅದೇ. ಅಡ್ಡೆ ಹೊತ್ತೋರಿಗೆ ಇದು ಗೊತ್ತು. ಬಿದಿರಿನ ಅಡ್ಡೆ ಬಾಗಿದ್ರೇನೇ ಹೆಜ್ಜೆ ಹದವಾಗಿ ಬೀಳೋದು.

ದಪ್ಪದ ಲೆಕ್ಕವೂ ಆಮೇಲೆ ಗೊತ್ತಾಯ್ತು. ಅಷ್ಟೇ ಅಗಲ, ಅಷ್ಟೇ ಉದ್ದದ ಪ್ಲೇಟು 6 ಎಂಎಂ ಬದಲು 8 ಎಂಎಂ ಆದ್ರೆ ಅದರ ಗಟ್ಟಿತನ ಎರಡು ಪಟ್ಟಿಗೂ ಮೇಲೆ ಹೋಗುತ್ತೆ. ದಪ್ಪವನ್ನ ಮೂರು ಸಲ ಗುಣಿಸಿ ನೋಡಿ: ಆರಕ್ಕೆ 216, ಎಂಟಕ್ಕೆ 512. ಕಣ್ಣಿಗೆ ಎರಡೇ ಎಂಎಂ.

ಹೆದರಿ ನಾನು ಇನ್ನೊಂದು ತಪ್ಪು ಮಾಡಿದೆ. ದಪ್ಪ ಪ್ಲೇಟು ತೆಗೆಸಿದ್ದಲ್ಲದೆ ಹಳೇದರಲ್ಲೂ ಒಂದು ತೆಗೆಸಿದೆ. ಖಾಲಿ ಇದ್ದಾಗ ತೊಟ್ಟಿಲು. ಲೋಡು ಹಾಕಿದ್ರೆ ಬೆನ್ನು ಕುಸಿದು ಮೂತಿ ಮೇಲೆ, ಸ್ಟೇರಿಂಗ್ ಹಗುರ, ಹೆಡ್‌ಲೈಟು ಮರದ ತುದಿಗೆ. ತಿರುವಲ್ಲಿ ವಾಲಾಟ. ತೂಕವೆಲ್ಲ ಉಳಿದ ಪ್ಲೇಟಿನ ಮೇಲೇ ಬಿದ್ದು ತಿಂಗಳೊಳಗೆ ಮೈನ್ ಪ್ಲೇಟು ತುಂಡಾಯ್ತು.

ಕೊನೆಗೆ ದಾರಿ ತೋರಿಸಿದ್ದು ಲಾರಿ ಕೆಲಸ ಮಾಡಿ ವಯಸ್ಸಾದ ಒಬ್ಬ ಮೇಸ್ತ್ರಿ. ಅವರು ಮೊದಲು ಕೇಳಿದ ಮಾತು: "ವಾರದಲ್ಲಿ ಎಷ್ಟು ದಿನ ಲೋಡು, ಎಷ್ಟು ದಿನ ಖಾಲಿ?" ಒಂದು ದಿನ ಲೋಡು, ಐದಾರು ದಿನ ಖಾಲಿ ಅಂದೆ. "ಮತ್ತೆ ಐದು ದಿನದ ಗಾಡಿಯನ್ನ ಒಂದು ದಿನಕ್ಕೋಸ್ಕರ ಯಾಕಪ್ಪ ಹಾಳು ಮಾಡ್ದೆ?" ಅಂದ್ರು.

ಅವರು ಮಾಡಿದ್ದು ಇಷ್ಟು. ಕಂಪನಿ ಲೆಕ್ಕದ್ದೇ ಹೊಸ ಪ್ಲೇಟು ಕಟ್ಟು. ತಳದಲ್ಲಿ ಹೆಚ್ಚು ಬಾಗಿಲ್ಲದ ಒಂದೇ ಒಂದು ಪ್ಲೇಟು. ಖಾಲಿ ಇದ್ದಾಗ ಅದರ ತುದಿ ಮೇಲಿನದಕ್ಕೆ ತಾಗಲ್ಲ, ಲೋಡು ಬಿದ್ದಾಗ ತಾಗಿ ಹೆಗಲು ಕೊಡುತ್ತೆ. ಲಾರಿಯ ಹೆಲ್ಪರ್ ಸ್ಪ್ರಿಂಗಿನದೂ ಇದೇ ಉಪಾಯ. ಆಮೇಲೆ ಶಾಕ್ ಅಬ್ಸಾರ್ಬರ್. ನನ್ನದು ನಾಲ್ಕೂ ಸತ್ತಿದ್ವು. ಕೆಳಗಿನ ತುದಿ ಬಿಚ್ಚಿ ಕೈಯಲ್ಲಿ ಎಳೆದು ಒತ್ತಿದ್ರೆ ಉದ್ದಕ್ಕೂ ಬಿಗಿ ಸಿಗಬೇಕು. ನನ್ನವು ಸೈಕಲ್ ಪಂಪಿನ ಹಾಗೆ ಸಲೀಸಾಗಿ ಹೋಗಿ ಬರ್ತಿದ್ವು. ಸ್ಪ್ರಿಂಗು ತೂಕ ಹೊರುತ್ತೆ, ಕುಣಿತ ನಿಲ್ಲಿಸೋದು ಶಾಕ್. ಕುಣಿತಕ್ಕೆ ಸ್ಪ್ರಿಂಗು ಗಟ್ಟಿ ಮಾಡೋದು ಜ್ವರಕ್ಕೆ ಕಂಬಳಿ ಹೊದೆಸಿದ ಹಾಗೆ.

ಬುಷ್, ಶ್ಯಾಕಲ್ ಪಿನ್ನು ಬದಲಾಯಿಸಿದ್ರು. ರಬ್ಬರ್ ಬುಷ್ಷಿನ ಬೋಲ್ಟನ್ನ ಪೂರ್ತಿ ಬಿಗಿ ಮಾಡಿದ್ದು ಜೀಪು ನೆಲಕ್ಕಿಳಿದ ಮೇಲೆ. ಜಾಕಿ ಮೇಲಿದ್ದಾಗಲೇ ಬಿಗಿ ಮಾಡಿದ್ರೆ ಇಳಿಸಿದಾಗ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತೆ. ಒಂದು ವಾರ ಓಡಿಸಿದ ಮೇಲೆ ಯು ಬೋಲ್ಟು ಮತ್ತೆ ಬಿಗಿ ಮಾಡೋಕೆ ಹೇಳಿದ್ರು, ನಿಜಕ್ಕೂ ಸಡಿಲ ಆಗಿದ್ವು. ಲೋಡಿಗೆ ಅಂತ ತುಂಬಿಸಿದ ಗಾಳಿಯನ್ನ ಖಾಲಿ ಇದ್ದಾಗ ಇಳಿಸೋದನ್ನೂ ಅವರಿಂದಲೇ ಕಲಿತೆ.

ನೀವು ಮಾಡಿಸೋ ಮುಂಚೆ ಒಂದು ಕೆಲಸ ಮಾಡಿ. ಸಮ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಅಳತೆ ಬರ್ಕೊಳ್ಳಿ. ಖಾಲಿ ಒಂದ್ಸಲ, ನಿಮ್ಮ ಮಾಮೂಲಿ ಲೋಡು ಹಾಕಿ ಒಂದ್ಸಲ. ಆ ಚೀಟಿ ಕೊಟ್ಟು ಮಾತಾಡಿ. ಬರೀ "ಗಟ್ಟಿ ಮಾಡು" ಅನ್ನಬೇಡಿ.

ಮೊನ್ನೆ ಅವ್ವನ್ನ ಹತ್ತಿಸ್ಕೊಂಡು ಅದೇ ತಿರುವು ಇಳಿಸಿದೆ. ಜೀಪು ಹಾರಲಿಲ್ಲ. ಅವ್ವ ಧೂಳು ಅಂತ ಬೈದುಕೊಂಡೇ ಬಂತು. ಕೆರೆ ದಾಟೋವರೆಗೂ ಕಂಬಿ ಮಾತ್ರ ಬಿಡಲಿಲ್ಲ.